ಲಾನಿನ ಪಾಚಿ ತೆಗೆಯಲು ಕರೆದರೆ ಹುಲ್ಲೇ ಕಿತ್ತು ಹೋದ ಬಗ್ಗೆ ದೂರು

ವ್ಯವಸ್ಥಾಪಕರಿಗೆ,

ಇದು ನನ್ನ ಮೊದಲ ಪತ್ರ, ಆದರೆ ಆರನೇ ದೂರು. ಹಿಂದಿನ ಐದೂ ಫೋನಿನಲ್ಲೇ ಮುಗಿದವು. ಪ್ರತಿ ಸಲವೂ 'ಬರೆದುಕೊಂಡಿದ್ದೇವೆ ಮೇಡಂ' ಅಂದಿರಿ. ಎಲ್ಲಿ ಬರೆದುಕೊಂಡಿರೋ ದೇವರೇ ಬಲ್ಲ. ಈ ಸಲ ನಾನೇ ಬರೆಯುತ್ತಿದ್ದೇನೆ.

ಕೆಲಸದ ಕ್ರಮ ನಿಮ್ಮ ಕರಾರಿನ ಹಿಂಬದಿಯಲ್ಲೇ ಅಚ್ಚಾಗಿದೆ. ಮೊದಲು ಫೆರಸ್ ಸಲ್ಫೇಟ್ ಹಾಕಿ ಪಾಚಿ ಸಾಯಿಸಬೇಕು. ಅದು ಕಪ್ಪಾಗುವವರೆಗೆ ಒಂದೆರಡು ವಾರ ಕಾಯಬೇಕು. ಆಮೇಲೆ ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುವ ಮೆಷಿನ್. ನಿಮ್ಮ ಹುಡುಗರು ಬಂದ ದಿನವೇ, ಮಳೆ ನಿಂತು ನೆಲ ಇನ್ನೂ ಕೆಸರಾಗಿದ್ದಾಗ, ಹಸಿ ಪಾಚಿಯ ಮೇಲೆ ಮೆಷಿನ್ ಓಡಿಸಿದರು. ಜೀವ ಇರುವ ಪಾಚಿಯ ಚೂರು ಬಿದ್ದಲ್ಲೇ ಮತ್ತೆ ಚಿಗುರುತ್ತದೆ. ನೆರಳಿನ ಒಂದು ಮೂಲೆಯಲ್ಲಿದ್ದದ್ದು ಈಗ ಇಡೀ ಲಾನಿಗೆ ಹಬ್ಬಿದೆ. ಬಿತ್ತನೆಗೆ ಬೇರೆ ದುಡ್ಡು ಕೇಳಲಿಲ್ಲವಲ್ಲ, ದೊಡ್ಡ ಉಪಕಾರ.

ಹುಲ್ಲಿನ ಬುಡದಲ್ಲಿ ಸತ್ತ ಕಡ್ಡಿ, ಬೇರು ಸೇರಿ ಆಗುವ ಪದರ ಒಂದು ಸೆಂಟಿಮೀಟರ್ ಒಳಗಿದ್ದರೆ ತೊಂದರೆಯಿಲ್ಲ. ನಮ್ಮದು ಮೂರರಷ್ಟು ಬೆಳೆದು ಸ್ಪಂಜಿನ ಹಾಗಾಗಿತ್ತು, ನೀರು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಅದಕ್ಕೇ ನಿಮ್ಮನ್ನು ಕರೆದದ್ದು. ಬ್ಲೇಡು ಆ ಪದರವನ್ನು ಕೆರೆದು, ಮಣ್ಣನ್ನು ಹೆಚ್ಚೆಂದರೆ ಸವರಬೇಕು. ನಿಮ್ಮವರು ಹೊಲ ಉತ್ತ ಹಾಗೆ ಉತ್ತರು. ಹುಲ್ಲು ಬೇರು ಸಮೇತ ಕೈಗೆ ಬಂತು.

ಮೂರು ವಾರ ಕಾಡಿದ ಮೇಲೆ ನಿಮ್ಮ ಸೂಪರ್‌ವೈಸರ್ ಬಂದರು. ಗೇಟಿನ ಹತ್ತಿರವೇ ನಿಂತು ಮೊದಲ ಪ್ರಶ್ನೆ: 'ಮನೇಲಿ ಯಜಮಾನ್ರು ಇಲ್ವಾ?'

'ಲಾನ್ ನೋಡಿಕೊಳ್ಳೋಳು ನಾನು, ಬಿಲ್ ಕಟ್ಟಿದವಳೂ ನಾನೇ' ಅಂದೆ.

'ಅದ್ಸರಿ. ಅವರಿದ್ರೆ ಟೆಕ್ನಿಕಲ್ ಆಗಿ ವಿವರಿಸಬಹುದಿತ್ತು' ಅಂದರು. ಆಮೇಲೆ ಬೂಟಿನ ತುದಿಯಿಂದ ಪಾಚಿಯನ್ನು ಎರಡು ಸಲ ಒತ್ತಿ, 'ಹಸಿರಾಗೇ ಇದೆಯಲ್ಲ ಮೇಡಂ' ಅಂದರು.

'ಅದು ಪಾಚಿ.'

'ಹಸಿರು ತಾನೇ? ದೂರದಿಂದ ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ?' ನಕ್ಕರು. ಜೊತೆಗೆ ಬಂದಿದ್ದ ಹುಡುಗನೂ ನಕ್ಕ. ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ಕೈಯಲ್ಲಿ ಕರಾರಿನ ಹಾಳೆ ಹಿಡಿದು, ಪರೀಕ್ಷೆಯಲ್ಲಿ ಫೇಲಾದ ಮಗುವಿನ ಹಾಗೆ ನಿಂತಿದ್ದೆ.

ಇಷ್ಟಾದ ಮೇಲೆ ಔಷಧಿ ಬಂತು. ಅಳತೆಯಿಲ್ಲ, ಏನಿಲ್ಲ, ಒದ್ದೆ ಹುಲ್ಲಿನ ಮೇಲೆ ಮುಷ್ಟಿ ಮುಷ್ಟಿ ಎರಚಿದರು. ಅದೇ ಬೂಟಿನಲ್ಲಿ ಕಲ್ಲುಹಾಸಿನ ಮೇಲೆ ನಡೆದು ಹೋದರು. ಫೆರಸ್ ಸಲ್ಫೇಟ್ ಕಲ್ಲಿಗೆ ತಾಗಿದರೆ ತುಕ್ಕಿನ ಕಲೆ ಬೀಳುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ, ಅಲ್ವಾ? ಈಗ ಲಾನಿನಿಂದ ಗೇಟಿನವರೆಗೆ ಹನ್ನೊಂದು ಹೆಜ್ಜೆ, ಕಿತ್ತಳೆ ಬಣ್ಣದಲ್ಲಿ. ಅಡಿಭಾಗದ ಗೆರೆಗಳೂ ಎದ್ದು ಕಾಣುತ್ತವೆ. ಉಜ್ಜಿ ನೋಡಿದೆ, ಹೋಗಲಿಲ್ಲ.

ಮಣ್ಣು ಗಟ್ಟಿಯಾಗಿದೆ, ತೂತು ಹಾಕಿ ಗಾಳಿಯಾಡಿಸಿ, ಬೋಳಾದ ಕಡೆ ಬೀಜ ಹಾಕಿ ಅಂತ ನಾಲ್ಕನೇ ಫೋನಿನಲ್ಲೇ ಕೇಳಿದ್ದೆ. ಈಗ ಅದೂ ಬೇಡ. ನಿಮ್ಮವರು ಇನ್ನು ನಮ್ಮ ಗೇಟು ದಾಟಬಾರದು.

ಏಳು ದಿನದಲ್ಲಿ ಪೂರ್ತಿ ಹಣ ವಾಪಸ್ ಬರದಿದ್ದರೆ ವಕೀಲರ ನೋಟಿಸ್ ಬರುತ್ತದೆ. ನಿಮ್ಮವರು ಗುಡ್ಡೆ ಹಾಕಿ ಬಿಟ್ಟುಹೋದ ಪಾಚಿಯನ್ನು ಮೂರು ಚೀಲ ತುಂಬಿಸಿಟ್ಟಿದ್ದೇನೆ. ಅದನ್ನು ನಿಮ್ಮ ಕಚೇರಿಯ ಮುಂದಿನ ಲಾನಿಗೆ ನಾನೇ ತಂದು ಸುರಿಯುತ್ತೇನೆ. ಹಸಿರು ತಾನೇ?

ಇಂತಿ,
ಬಿಲ್ ಕಟ್ಟಿದವಳು