ತಿಮಿಂಗಿಲದ ಸೇಡು, ವಿಮರ್ಶಕನ ನಗು

ಪ್ರೀತಿಯ ತಮ್ಮ,

ತಿಮಿಂಗಿಲವೊಂದು ಮನುಷ್ಯನ ಮೇಲೆ ಸೇಡು ತೀರಿಸುವ 'ಓರ್ಕಾ' ಸಿನಿಮಾ ಬಗ್ಗೆ ನೀನು ಬರೆದದ್ದನ್ನು ಓದಿದೆ. ನಗಿಸುವುದು ನಿನಗೆ ಬರುತ್ತದೆ. "ಹೆಂಡತಿ ಕಳೆದುಕೊಂಡ ಮೀನಿನ ಮಾಸ್ ಸಿನಿಮಾ" ಅನ್ನುವ ಸಾಲಿಗೆ ನಾನೂ ನಕ್ಕೆ. (ಅದು ಮೀನಲ್ಲ ಮಾರಾಯ, ಸಸ್ತನಿ. ಡಾಲ್ಫಿನ್ ಕುಟುಂಬಕ್ಕೆ ಸೇರಿದ್ದು. ಅಚ್ಚಾಗುವ ಮೊದಲು ತಿದ್ದು.) ಆದರೆ ಇಡೀ ಬರಹದಲ್ಲಿ ಸಿನಿಮಾದ ಒಂದು ದೃಶ್ಯವೂ ಇಲ್ಲ. 'ಜಾಸ್‌ನ ನಕಲು' ಅಂದಿದ್ದೀಯ, 'ಲಾಜಿಕ್ ಇಲ್ಲ' ಅಂದಿದ್ದೀಯ, ಐದಕ್ಕೆ ಒಂದೂವರೆ ಸ್ಟಾರ್ ಕೊಟ್ಟಿದ್ದೀಯ. ಇಷ್ಟನ್ನು ಸಿನಿಮಾ ನೋಡದೆಯೂ ಬರೆಯಬಹುದಿತ್ತು, ಅಲ್ವಾ?

ನಕಲು ಅನ್ನುವ ಮಾತು ಹೊಸದೇನಲ್ಲ. 1977ರಲ್ಲಿ ಸಿನಿಮಾ ಬಿಡುಗಡೆ ಆದಾಗಲೇ ಎಲ್ಲರೂ ಅದನ್ನೇ ಹೇಳಿದರು. 1975ರಲ್ಲಿ ಸ್ಪೀಲ್‌ಬರ್ಗ್‌ನ ನರಭಕ್ಷಕ ಶಾರ್ಕಿನ ಸಿನಿಮಾ 'ಜಾಸ್' ಬಂದು ದುಡ್ಡು ಬಾಚಿದ ಮೇಲೆ ನಿರ್ಮಾಪಕರೆಲ್ಲ ನೀರಿಗೆ ಇಳಿದರು. 'ಓರ್ಕಾ' ಹಿಂದಿದ್ದ ಡೀನೋ ಡಿ ಲಾರೆಂಟಿಸ್ ಹಿಂದಿನ ವರ್ಷವಷ್ಟೇ 'ಕಿಂಗ್ ಕಾಂಗ್' ತೆಗೆದಿದ್ದ ಆಸಾಮಿ. ಶುರುವಿನಲ್ಲೇ ಓರ್ಕಾ ಒಂದು ಬಿಳಿ ಶಾರ್ಕನ್ನು ಮುಗಿಸುತ್ತದೆ. ಅದು ಬೇಕಂತಲೇ 'ಜಾಸ್'ಗೆ ಹೊಡೆದ ಟಾಂಟು. ಇದೆಲ್ಲ ನಿಜ. ಆದರೆ ಏನನ್ನು ನಕಲು ಮಾಡಿದ್ದಾರೆ ಅಂತ ಹೇಳಬೇಕಲ್ಲ? 'ಜಾಸ್'ನಲ್ಲಿ ಶಾರ್ಕ್ ಸತ್ತರೆ ಯಾರಿಗೂ ಅಯ್ಯೋ ಅನಿಸುವುದಿಲ್ಲ. ಅದರ ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಕೇಳುವುದೂ ಇಲ್ಲ. ಅಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಪದೇ ಪದೇ ಕೆಟ್ಟು ನಿಂತಿತು. ಹಾಗಾಗಿ ಅದನ್ನು ಜಾಸ್ತಿ ತೋರಿಸದೆ, ಅದಕ್ಕೆ ಸಿಕ್ಕಿಸಿದ, ನೀರಿನ ಮೇಲೆ ಓಡುವ ಹಳದಿ ಡ್ರಮ್ಮುಗಳಲ್ಲೇ ಕೆಲಸ ಸಾಗಿಸಿದರು. ಭಯ ಇನ್ನೂ ಹೆಚ್ಚಿತು. 'ಓರ್ಕಾ' ನಿರ್ದೇಶಕ ಮೈಕೆಲ್ ಆಂಡರ್ಸನ್ ಮಾಡಿದ್ದು ತದ್ವಿರುದ್ಧ. ಪ್ರಾಣಿಯನ್ನು ಮತ್ತೆ ಮತ್ತೆ ತೋರಿಸುತ್ತಾನೆ. ಕ್ಯಾಮೆರಾವನ್ನು ಅದರ ಕಣ್ಣಿನ ತನಕ ಒಯ್ಯುತ್ತಾನೆ. ನೀನು ಅದಕ್ಕೆ ಹೆದರಬೇಕು ಅನ್ನುವುದು ಅವನ ಆಸೆಯಲ್ಲ. ಅದರ ಪರ ನಿಲ್ಲಬೇಕು ಅನ್ನುವುದು. ನಿಂತೆಯಾ, ಇಲ್ಲವಾ? ನಿನ್ನ ಬರಹ ಅಲ್ಲಿಂದ ಹೊರಡಬೇಕಿತ್ತು.

ದೋಣಿಯ ಡೆಕ್ ಮೇಲಿನ ದೃಶ್ಯವನ್ನೇ ತಗೋ. ರಿಚರ್ಡ್ ಹ್ಯಾರಿಸ್ ಮಾಡಿರುವ ಕ್ಯಾಪ್ಟನ್ ನೋಲನ್‌ಗೆ ಒಂದು ಓರ್ಕಾವನ್ನು ಜೀವಂತ ಹಿಡಿದು ಅಕ್ವೇರಿಯಂಗೆ ಮಾರಬೇಕು. ಗಂಡಿಗೆ ಗುರಿ ಇಟ್ಟ ಹಾರ್ಪೂನ್ (ಹಗ್ಗ ಕಟ್ಟಿದ ಈಟಿ) ಅದರ ರೆಕ್ಕೆಗೆ ತಾಗಿಕೊಂಡು ಹೋಗಿ ಹೆಣ್ಣಿಗೆ ನಾಟುತ್ತದೆ. ಹೆಣ್ಣು ನೋವಿನಲ್ಲಿ ದೋಣಿಯ ಪ್ರೊಪೆಲರಿಗೆ ಮೈ ಕೊಡುತ್ತದೆ. ಅದನ್ನು ತಲೆಕೆಳಗಾಗಿ ಮೇಲಕ್ಕೆಳೆದು ನೇತುಹಾಕುತ್ತಾರೆ. ಆಗ ಹೊಟ್ಟೆಯೊಳಗಿನ ಮರಿ ಜಾರಿ ಡೆಕ್ ಮೇಲೆ ಬೀಳುತ್ತದೆ. ನೋಲನ್ ಒಂದು ಕ್ಷಣ ಕಲ್ಲಾಗುತ್ತಾನೆ. ಆಮೇಲೆ ಪೈಪ್ ಹಿಡಿದು, ನೀರು ಬಿಟ್ಟು, ಅದನ್ನು ಸಮುದ್ರಕ್ಕೆ ತಳ್ಳುತ್ತಾನೆ. ಪಕ್ಕದ ನೀರಿನಲ್ಲಿ ಗಂಡು ಕಿರುಚುತ್ತಿದೆ.

ಆ ಪೈಪ್ ನಿನ್ನ ಕಣ್ಣಿಗೆ ಬೀಳಲಿಲ್ಲವಾ? ಆ ಮನುಷ್ಯ ಕ್ರೂರಿ ಅಲ್ಲ. ಅವನಿಗೆ ಅದನ್ನು ನೋಡಲು ಆಗುತ್ತಿಲ್ಲ, ಅದಕ್ಕೇ ತೊಳೆದುಬಿಡುತ್ತಾನೆ. ಮುಂದೆ ಗೊತ್ತಾಗುತ್ತದೆ, ಅವನ ಬಸುರಿ ಹೆಂಡತಿಯೂ ಕುಡಿದು ಗಾಡಿ ಓಡಿಸಿದವನೊಬ್ಬನಿಂದ ಸತ್ತವಳು ಅಂತ. ಇಗರ್ಜಿಗೆ ಹೋಗಿ ಪಾದ್ರಿಯನ್ನು ಕೇಳುತ್ತಾನೆ, ಪ್ರಾಣಿಗೆ ಮಾಡಿದ್ದೂ ಪಾಪವೇ ಅಂತ. ಸೇಡಿನ ಸಿನಿಮಾದಲ್ಲಿ ಬೇಟೆಯಾಗಬೇಕಾದವನೇ ಇಂಥ ಪ್ರಶ್ನೆ ಕೇಳುವುದು ಎಷ್ಟು ಸಲ ನೋಡಿದ್ದೀಯ?

ಇನ್ನು ಲಾಜಿಕ್ ವಿಷಯ. ಪ್ರಾಣಿ ಎಲ್ಲಾದರೂ ಮುಖ ಗುರುತಿಟ್ಟುಕೊಂಡು ಸೇಡು ತೀರಿಸುತ್ತದಾ ಅಂತ ಕೇಳಿದ್ದೀಯ. ಹಾವಿನ ದ್ವೇಷ ಹನ್ನೆರಡು ವರ್ಷ ಅಂತ ಕೇಳಿಕೊಂಡು ಬೆಳೆದವರು ನಾವು. ನಮ್ಮ ಥಿಯೇಟರಿನಲ್ಲಿ ಯಾರೂ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಿಲ್ಲ. ಕಾರಣ ಕಣ್ಣಾರೆ ಕಂಡರೆ ಜನ ನಂಬುತ್ತಾರೆ. ಕಾಣದಿದ್ದರೆ ನಗುತ್ತಾರೆ. 1987ರ 'ಜಾಸ್: ದ ರಿವೆಂಜ್' ನೋಡು. ಮೊದಲ 'ಜಾಸ್'ನಲ್ಲಿ ಶಾರ್ಕ್ ಕೊಂದ ಪೊಲೀಸ್ ಅಧಿಕಾರಿ ಬ್ರೋಡಿಯ ಮನೆತನದ ಮೇಲೆ ಹಗೆ ಇಟ್ಟುಕೊಂಡ ಶಾರ್ಕ್ ಮೊದಲು ಒಬ್ಬ ಮಗನನ್ನು ಕೊಲ್ಲುತ್ತದೆ. ತಾಯಿ ಬಹಾಮಾಸ್‌ಗೆ ಹೋದರೆ ಅಲ್ಲಿಗೂ ಹಾಜರ್. ಈ ಶಾರ್ಕಿಗೆ ಆ ಮನೆಯವರು ಏನು ಮಾಡಿದ್ದರು? ಸಿನಿಮಾ ತೋರಿಸುವುದೇ ಇಲ್ಲ. ಕೊನೆಗೆ ಶಾರ್ಕ್ ಸಿಂಹದ ಹಾಗೆ ಗರ್ಜಿಸುತ್ತದೆ. ಮೀನಿಗೆ ಗರ್ಜಿಸುವ ಗಂಟಲು ಎಲ್ಲಿಯದು? ಆದರೆ ಜನ ನಕ್ಕಿದ್ದು ಬರೀ ಗಂಟಲಿನ ವಿಷಯಕ್ಕಲ್ಲ. ಕತೆ ಕೊಡಬೇಕಾದ ಕಾರಣ ಕೊಡದೆ ಸದ್ದು ಮಾಡಿತು, ಅದಕ್ಕೆ. ಎರಡು ಸಿನಿಮಾಗಳನ್ನೂ ಒಂದೇ ಬುಟ್ಟಿಗೆ ಹಾಕಿ 'ಸೇಡಿನ ಮೀನು' ಅಂದುಬಿಟ್ಟರೆ ಈ ವ್ಯತ್ಯಾಸ ಮಾಯವಾಗುತ್ತದೆ.

ವಿಜ್ಞಾನದ ಕೋಲು ಹಿಡಿಯುವುದಾದರೆ ಹುಷಾರಾಗಿ ಹಿಡಿ. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ಯಾರಲಾನ್ ದ್ವೀಪಗಳ ಬಳಿ ಓರ್ಕಾ ಬಿಳಿ ಶಾರ್ಕನ್ನು ಕೊಂದದ್ದನ್ನು ಜನ ಕಣ್ಣಾರೆ ಕಂಡರು. ಸಿನಿಮಾ ಅದನ್ನು 20 ವರ್ಷ ಮೊದಲೇ ತೋರಿಸಿತ್ತು. 2018ರಲ್ಲಿ ಅಮೆರಿಕದ ವಾಯವ್ಯ ಕರಾವಳಿಯಲ್ಲಿ ತಾಲೆಕ್ವಾ ಅನ್ನುವ ತಾಯಿ ಓರ್ಕಾ ಸತ್ತ ಮರಿಯನ್ನು 17 ದಿನ ಹೊತ್ತುಕೊಂಡು ಈಜಿತು. ದುಃಖದ ಮಟ್ಟಿಗೆ ಸಿನಿಮಾ ಸುಳ್ಳು ಹೇಳಿಲ್ಲ ಅಂತ ನನ್ನ ಅಭಿಪ್ರಾಯ. ಸೇಡು ಬೇರೆ ವಿಷಯ. ಸಮುದ್ರದಲ್ಲಿ ಸ್ವತಂತ್ರವಾಗಿರುವ ಓರ್ಕಾ ಮನುಷ್ಯರನ್ನು ಕೊಂದದ್ದಕ್ಕೆ ಖಚಿತ ದಾಖಲೆ ಇಲ್ಲ. ಕೊಂದದ್ದು ಕೊಳದಲ್ಲಿ ಕೂಡಿಹಾಕಿದ ಓರ್ಕಾಗಳು. 2020ರಿಂದ ಸ್ಪೇನ್, ಪೋರ್ಚುಗಲ್ ಕಡೆ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿವೆ. ಜನ ತಕ್ಷಣ 'ಸೇಡು' ಅಂದರು. ಅದು ಆಟ ಇರಬೇಕು ಅನ್ನುತ್ತಾರೆ ಅಧ್ಯಯನ ಮಾಡಿದ ಹೆಚ್ಚಿನವರು. ನೋಡು, ಸಿನಿಮಾ ನೋಡಿ ಲಾಜಿಕ್ ಕೇಳುವ ನಾವೇ ಸುದ್ದಿ ಓದುವಾಗ ಅದೇ ಸಿನಿಮಾ ಕತೆ ಕಟ್ಟುತ್ತೇವೆ.

ಹಾಗಂತ 'ಓರ್ಕಾ'ವನ್ನು ಹೊಗಳು ಅನ್ನುತ್ತಿಲ್ಲ. ಬೈಯುವುದಕ್ಕೆ ಬೇಕಾದಷ್ಟಿದೆ, ನೀನು ತಪ್ಪು ಜಾಗದಲ್ಲಿ ಬೈದೆ. ಓರ್ಕಾ ಪೈಪ್‌ಲೈನ್ ಒಡೆದು, ದೀಪ ಬಿದ್ದು, ಊರಿನ ಇಂಧನಕ್ಕೆ ಬೆಂಕಿ ಹತ್ತುವ ದೃಶ್ಯ ಇದೆಯಲ್ಲ, ಅಲ್ಲಿ ಸಿನಿಮಾ ತನ್ನ ಪ್ರಾಣಿಯನ್ನೇ ಕೈಬಿಡುತ್ತದೆ. ಜ್ವಾಲೆಯ ಮುಂದೆ ಓರ್ಕಾ ಖುಷಿಯಿಂದ ನೆಗೆಯುತ್ತದೆ. ಅಲ್ಲಿಯವರೆಗೆ ದುಃಖಪಡುತ್ತಿದ್ದ ಜೀವ ಇದ್ದಕ್ಕಿದ್ದಂತೆ ಪ್ಲ್ಯಾನ್ ಹಾಕುವ ವಿಲನ್ ಆಗುತ್ತದೆ. ನಗು ಬಂದರೆ ಇಲ್ಲಿ ಬರಬೇಕು. ಶಾರ್ಲಟ್ ರಾಂಪ್ಲಿಂಗ್ ಮಾಡಿದ ವಿಜ್ಞಾನಿಯ ಪಾತ್ರವೂ ಹಾಗೇ. ನಾವು ಆಗಲೇ ಕಂಡದ್ದನ್ನು ಮಾತಿನಲ್ಲಿ ಮತ್ತೆ ಪಾಠ ಮಾಡುತ್ತಾಳೆ. ಇನ್ನೊಂದು ವಿಷಯ ನಿನ್ನ ಕೈಗೆ ಸಿಗಲೇ ಇಲ್ಲ: ಓರ್ಕಾ ಹಿಡಿದು ಅಕ್ವೇರಿಯಂಗೆ ಮಾರುವುದು ಪಾಪ ಅನ್ನುವ ಈ ಸಿನಿಮಾಕ್ಕೆ ರಬ್ಬರ್ ಗೊಂಬೆಗಳ ಜೊತೆ ಅಕ್ವೇರಿಯಂಗಳಲ್ಲಿ ಪಳಗಿಸಿದ ಓರ್ಕಾಗಳನ್ನೇ ಬಳಸಿದ್ದರು. ಇದರ ಮೇಲೆ ಒಂದು ಪ್ಯಾರಾ ಬರೆದರೆ ನಿನ್ನ ಒಂದೂವರೆ ಸ್ಟಾರಿಗೂ ತೂಕ ಬರುತ್ತಿತ್ತು.

ಫೋನಿನಲ್ಲಿ ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡಿದೆ ಅಂತ ನೀನೇ ಹೇಳಿದ್ದೀಯ. ಎನ್ನಿಯೊ ಮೊರಿಕೊನೆ ಮಾಡಿದ ಸಂಗೀತ ಅದು, ಶೋಕದ್ದು. ಅದನ್ನು ಓಡಿಸಿದರೆ ಯಾವ ಸಾವಿಗೂ ಅಳು ಬರುವುದಿಲ್ಲ. ನಿಧಾನ ಅನಿಸಿದರೆ ಎಲ್ಲಿ ನಿಧಾನ ಅಂತ ಬರಿ. ಆದರೆ ಅದರ ವೇಗದಲ್ಲೇ ನೋಡಿ ಬರಿ.

ಮತ್ತೊಮ್ಮೆ ಬರೆಯುವಾಗ ಶುರುವಿಗೆ 'ಜಾಸ್' ಬೇಡ. ಬಂದರಿನ ಭಾಗದಿಂದ ಹೊರಡು. ನ್ಯೂಫೌಂಡ್‌ಲ್ಯಾಂಡಿನ ಆ ಊರಿನಲ್ಲಿ ದೋಣಿಗಳು ಮುಳುಗಿ, ಮೀನು ಸಿಗದೆ, ಮೀನುಗಾರರು ನೋಲನ್‌ಗೆ ಓರ್ಕಾವನ್ನು ಎದುರಿಸಲು ಸಮುದ್ರಕ್ಕೆ ಹೋಗು ಅಂತ ಒತ್ತಾಯ ಮಾಡುತ್ತಾರೆ. ವಿಮರ್ಶಕರು ಯಾರೂ ಅವರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಂತಿಲ್ಲ. ನೀನು ಮಲ್ಪೆ ಬಂದರಿನ ಪಕ್ಕದಲ್ಲಿ ಬೆಳೆದವನು. ಒಂದು ಬೋಟು ಮುಳುಗಿದರೆ ಎಷ್ಟು ಮನೆಯ ಒಲೆ ಆರುತ್ತದೆ, ಸಾಲ ಯಾರ ತಲೆಗೆ ಬರುತ್ತದೆ ಅಂತ ಗೊತ್ತಿರುವವನು. ಆ ಮೀನುಗಾರರ ಸಿಟ್ಟು ಸಿನಿಮಾದಲ್ಲಿ ನಿಜ ಅನಿಸಿತಾ, ಇಲ್ಲ ಸುಮ್ನೆ ಕತೆ ಮುಂದಕ್ಕೆ ತಳ್ಳಲು ಇಟ್ಟದ್ದಾ? ಅದನ್ನು ನೀನು ಹೇಳಿದರೆ ನಾನು ನಂಬುತ್ತೇನೆ.

ಬರುವ ಶುಕ್ರವಾರದೊಳಗೆ ಕಳಿಸು. ಉದ್ದ ಆದರೂ ಪರವಾಗಿಲ್ಲ, ಸಂಪಾದಕರ ಹತ್ತಿರ ನಾನು ಮಾತಾಡುತ್ತೇನೆ. 'ಮಾಸ್ ಸಿನಿಮಾ' ಸಾಲು ಇರಲಿ, ಬೆಂಕಿಯ ದೃಶ್ಯದ ಪಕ್ಕಕ್ಕೆ ತಂದು ಹಾಕು. ಸ್ಟಾರ್ ಎಷ್ಟು ಅನ್ನುವುದು ನಿನಗೆ ಬಿಟ್ಟದ್ದು.

ನಿನ್ನ ಅಣ್ಣ