ಮಕ್ರಸ್ ಮನೆಗೆ ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯ,

ಜೂನ್‌ನಲ್ಲಿ ಅಪ್ಪ ಅಮ್ಮ ಡಬ್ಲಿನ್‌ಗೆ ಬರ್ತಾರೆ, ಐರ್ಲೆಂಡಿನ ನೈಋತ್ಯದ ಕಿಲಾರ್ನಿಗೆ ಕರೆದುಕೊಂಡು ಹೋಗಿ ಅಲ್ಲಿನ ಸರೋವರದ ದಡದ ಹಳೆಯ ಬಂಗಲೆ ಮಕ್ರಸ್ ಹೌಸ್ ತೋರಿಸಬೇಕು ಅಂತ ಬರೆದಿದ್ದೀಯ. ಒಳ್ಳೆಯ ಜಾಗವನ್ನೇ ಆರಿಸಿದ್ದೀಯ. ಮೊದಲೇ ಒಂದು ಮಾತು: ಟಿಕೆಟ್ ಕೌಂಟರಿಗೆ ನೇರ ಹೋಗಬೇಡ. ಮನೆಯನ್ನು ಸುತ್ತಿಕೊಂಡು ಹುಲ್ಲುಹಾಸಿನ ಮೇಲೆ ಸರೋವರದ ಕಡೆಗೆ ಇಳಿದು ಹೋಗು. ನೀರಿನ ತನಕ ನಡುವೆ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಹುಲ್ಲು ಹಾಗೇ ಇಳಿದು ಸರೋವರ ಸೇರುತ್ತದೆ, ಅದರಾಚೆ 535 ಮೀಟರ್ ಎತ್ತರದ ಟಾರ್ಕ್ ಬೆಟ್ಟ. ಬೆಟ್ಟವೂ ಈ ತೋಟದ್ದೇ ಭಾಗ ಎಂದು ಕಣ್ಣು ನಂಬಿಬಿಡುತ್ತದೆ. ಆಮೇಲೆ ತಿರುಗಿ ಮನೆ ನೋಡು, ಅದು ಯಾಕೆ ಅಲ್ಲೇ ನಿಂತಿದೆ ಎಂದು ತಿಳಿಯುತ್ತದೆ.

ಇದು ಹರ್ಬರ್ಟ್ ಕುಟುಂಬದ ಮನೆ. ವಾಸ್ತುಶಿಲ್ಪಿ ವಿಲಿಯಂ ಬರ್ನ್, ಇಂಗ್ಲೆಂಡಿನ ಹಳೆಯ ಟ್ಯೂಡರ್ ಶೈಲಿ, 65 ಕೋಣೆ, ಕೆಲಸ ಮುಗಿದದ್ದು 1843ರಲ್ಲಿ. 1861ರ ಆಗಸ್ಟ್‌ನಲ್ಲಿ ವಿಕ್ಟೋರಿಯಾ ರಾಣಿ ಇಲ್ಲಿ ತಂಗಿದ್ದಳು. ಆ ಸತ್ಕಾರಕ್ಕೆ ಕುಟುಂಬ ವರ್ಷಗಟ್ಟಲೆ ತಯಾರಿ ನಡೆಸಿ ಕೈಮೀರಿ ಖರ್ಚು ಮಾಡಿತು. ಅದೇ ಡಿಸೆಂಬರ್‌ನಲ್ಲಿ ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡ, ಇವರು ಎದುರು ನೋಡುತ್ತಿದ್ದ ರಾಜಕೃಪೆ ಬರಲೇ ಇಲ್ಲ. ಆ ಶತಮಾನ ಮುಗಿಯುವಷ್ಟರಲ್ಲಿ ಎಸ್ಟೇಟೇ ಅವರ ಕೈತಪ್ಪಿತು. 1899ರಲ್ಲಿ ಕೊಂಡವನು ಗಿನ್ನೆಸ್ ಮನೆತನದ ಲಾರ್ಡ್ ಆರ್ಡಿಲಾನ್. 1911ರಲ್ಲಿ ಅದು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯ ಒಡೆಯ ವಿಲಿಯಂ ಬೌರ್ನ್ ಪಾಲಾಯಿತು. ಮಗಳು ಮಾಡ್ ಮತ್ತು ಅಳಿಯ ಆರ್ಥರ್ ವಿನ್ಸೆಂಟ್‌ಗೆ ಮದುವೆಯ ಉಡುಗೊರೆಯಾಗಿ ಕೊಂಡದ್ದು. 1929ರಲ್ಲಿ ಮಾಡ್ ತೀರಿಕೊಂಡಳು. 1932ರಲ್ಲಿ ಮನೆಯವರು ಮನೆ ಮತ್ತು ಸುಮಾರು 11,000 ಎಕರೆ ನೆಲವನ್ನು ದೇಶಕ್ಕೇ ಕೊಟ್ಟುಬಿಟ್ಟರು. ಐರ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವ ನಿಮ್ಮ ಅಕ್ಕನಿಗೂ ಇದನ್ನು ಹೇಳು. ಅಲ್ಲಿ ವುಡ್‌ಸೈಡ್‌ನಲ್ಲಿರುವ ಫಿಲೋಲಿ ಬಂಗಲೆಯನ್ನು ಕಟ್ಟಿಸಿದವನೂ ಇದೇ ಬೌರ್ನ್. ಅದರ ನೃತ್ಯಶಾಲೆಯ ಗೋಡೆಗಳ ಮೇಲೆ ಮಕ್ರಸ್‌ನ ನೋಟಗಳನ್ನೇ ಬರೆಸಿದ್ದಾನೆ.

ಕೊಡುಗೆ ಕೊಟ್ಟ ಮೇಲೂ ಮನೆ ಮೂವತ್ತು ವರ್ಷ ಮುಚ್ಚಿಯೇ ಇತ್ತು. 1964ರಲ್ಲಿ ಊರಿನವರ ಒತ್ತಾಯ, ದುಡಿಮೆಯಿಂದ ಜನರಿಗೆ ತೆರೆಯಿತು. ಒಳಗೆ ಹೋದರೆ ಒಂದು ಗಂಟೆ ಸಾಕು. ಹಜಾರದಲ್ಲಿ ಎಂದೋ ಅಳಿದುಹೋದ ದೈತ್ಯ ಐರಿಷ್ ಜಿಂಕೆಯ ಕವಲುಕೊಂಬು ತೂಗುಹಾಕಿದ್ದಾರೆ, ಅಪ್ಪನಿಗೆ ತೋರಿಸು. ರಾಣಿಯ ಮಲಗುವ ಕೋಣೆ ನೆಲ ಅಂತಸ್ತಿನಲ್ಲಿದೆ, ಬೆಂಕಿಯ ಭಯ ಅವಳಿಗೆ. ಕಿಲಾರ್ನಿಯ ಬಡಗಿಗಳು ಅರ್ಬ್ಯುಟಸ್ ಮತ್ತು ಯೂ ಮರದ ತುಣುಕುಗಳನ್ನು ಕೂಡಿಸಿ ಚಿತ್ರ ಮೂಡಿಸಿದ ಮೇಜುಗಳ ಮುಂದೆ ನಿಧಾನಿಸು. ನಮ್ಮ ಮೈಸೂರಿನ ಮರದ ಕುಸುರಿ ಕೆಲಸ ನೋಡಿ ಬೆಳೆದವರಿಗೆ ಅದು ಎಷ್ಟು ನಾಜೂಕು ಎಂದು ಬೇಗ ಗೊತ್ತಾಗುತ್ತದೆ. ಗೋಡೆಯ ಮೇಲಿನ ಜಲವರ್ಣಗಳು ಮನೆಯೊಡತಿ ಮೇರಿ ಹರ್ಬರ್ಟ್ ಬರೆದವು. ಜಲವರ್ಣ ಬೆಳಕಿಗೆ ಮಾಸುತ್ತದೆ, ಹಾಗಾಗಿ ಪರದೆ ಇಳಿಬಿಟ್ಟಿದ್ದರೆ ಬೇಸರ ಬೇಡ, ಕಣ್ಣು ಹೊಂದಿಕೊಳ್ಳಲು ಅರ್ಧ ನಿಮಿಷ ಕೊಡು.

ತೋಟಕ್ಕೆ ಟಿಕೆಟ್ ಇಲ್ಲ. ಬಂಡೆ ತೋಟದಲ್ಲಿ ಬಂಡೆಗಳನ್ನು ತಂದು ಇಟ್ಟಿಲ್ಲ. ನೆಲದಿಂದಲೇ ಎದ್ದು ನಿಂತ ಸುಣ್ಣಕಲ್ಲನ್ನು ಹಾಗೇ ಬಿಟ್ಟು, ಸಂದುಗಳಲ್ಲಿ ಗಿಡ ನೆಟ್ಟಿದ್ದಾರೆ. ಮಳೆ ಬಿದ್ದ ಮೇಲೆ ಆ ಬಂಡೆಗಳ ನಡುವಿನ ಮೆಟ್ಟಿಲು ಸಾಬೂನಿನಂತೆ ಜಾರುತ್ತದೆ. ಅಮ್ಮನಿಗೆ ಮಂಡಿನೋವು ಅಂದಿದ್ದೆಯಲ್ಲ, ಅವರನ್ನು ಕೆಳಗಿನ ಸಮತಟ್ಟಾದ ದಾರಿಯಲ್ಲೇ ಸುತ್ತಿಸು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಜೂನ್ ಮೊದಲ ವಾರಗಳಲ್ಲಿ ಕಾಡಿನ ಅಂಚಿನುದ್ದಕ್ಕೂ ನೇರಳೆ ಹೂವು ತುಂಬಿಕೊಂಡಿರುತ್ತದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ರೋಡೋಡೆಂಡ್ರಾನ್ ಪಾಂಟಿಕಮ್. ಹತ್ತೊಂಬತ್ತನೇ ಶತಮಾನದಲ್ಲಿ ಎಸ್ಟೇಟಿನವರು ಅಂದಕ್ಕೆಂದು, ಬೇಟೆಯ ಹಕ್ಕಿಗಳಿಗೆ ಮರೆಯಾಗಲೆಂದು ತಂದು ನೆಟ್ಟದ್ದು. ಬಲಿತ ಒಂದೇ ಪೊದೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಬೀಜ ಕೊಡುತ್ತದೆ. ಬೀಜ ದೂಳಿನಷ್ಟು ಹಗುರ, ಗಾಳಿಗೆ ಹಾರಿ ಪಾಚಿ ಕಟ್ಟಿದ ಒದ್ದೆ ನೆಲದಲ್ಲಿ ಮೊಳೆಯುತ್ತದೆ. ಎಲೆಯಲ್ಲಿ ವಿಷ ಇರುವುದರಿಂದ ಜಿಂಕೆ ಬಾಯಿ ಹಾಕುವುದು ಅಪರೂಪ. ವರ್ಷಪೂರ್ತಿ ಎಲೆ ಉದುರಿಸದ ಈ ಪೊದೆಯ ಕೆಳಗೆ ಕತ್ತಲೆ, ಅಲ್ಲಿ ಓಕ್ ಸಸಿಯೂ ಏಳದು, ಹುಲ್ಲೂ ಬಾರದು. ಹಳೆಯ ಓಕ್ ಮರ ಬಿದ್ದರೆ ಅದರ ಜಾಗಕ್ಕೆ ಮರಿಯೇ ಇರುವುದಿಲ್ಲ. ಬಂಡೀಪುರದಲ್ಲಿ ಲಂಟಾನ ಮಾಡಿದ್ದು ಇದನ್ನೇ ಅಲ್ಲವೇ, ಅದೂ ಅಂದಕ್ಕೆಂದು ಬಂದ ಗಿಡವೇ.

ಕಡಿದರೆ ಸಾಲದು. ಬುಡದಿಂದ ಮತ್ತೆ ಚಿಗುರುತ್ತದೆ, ನೆಲ ತಾಗಿದ ಕೊಂಬೆ ಬೇರು ಬಿಡುತ್ತದೆ. ಬುಡ ಕಡಿದ ಕೂಡಲೇ ಗಾಯಕ್ಕೆ ಕಳೆನಾಶಕ ಹಚ್ಚಬೇಕು, ಆಮೇಲೆ ವರ್ಷ ವರ್ಷವೂ ಬಂದು ಹೊಸ ಸಸಿಗಳನ್ನು ಕಿತ್ತು ತೆಗೆಯಬೇಕು. ಸಸಿ ಹೂಬಿಡಲು ಹತ್ತು ಹನ್ನೆರಡು ವರ್ಷ ಬೇಕು, ಅಷ್ಟರೊಳಗೆ ಹಿಡಿದರೆ ಗೆದ್ದಂತೆ. ವರ್ಷಗಟ್ಟಲೆ ಕೈಬಿಟ್ಟರೆ ಸ್ವಚ್ಛಗೊಳಿಸಿದ ಕಾಡು ಮತ್ತೆ ಹಸಿರು ಗೋಡೆಯಾಗುತ್ತದೆ. ತೋಟದೊಳಗಿನ ಬೇರೆ ಜಾತಿಯ ರೋಡೋಡೆಂಡ್ರಾನ್‌ಗಳನ್ನು ಧಾರಾಳವಾಗಿ ಮೆಚ್ಚು. ಕಾಡಿನದ್ದನ್ನು ನೋಡುವಾಗ ಮಾತ್ರ ಹೂವಿನ ಬದಲು ಅದರ ಕೆಳಗಿನ ಬರಿ ನೆಲ ನೋಡು.

ಹೋಲಿಸಿ ನೋಡಲು ರೀನಡಿನ್ನಾ ಕಾಡಿಗೆ ಹೋಗಲೇಬೇಕು. ಸರೋವರದ ನಡುವೆ ಚಾಚಿಕೊಂಡ ನೆಲದಲ್ಲಿ, ಸುಣ್ಣಕಲ್ಲಿನ ಮೇಲೆ ಹರಡಿರುವ ಸುಮಾರು 25 ಹೆಕ್ಟೇರಿನ ಯೂ ಮರಗಳ ಕಾಡು. ಮಣ್ಣು ಬೆರಳಷ್ಟೇ ಆಳ, ಬೇರುಗಳು ಕಲ್ಲನ್ನು ಅಪ್ಪಿಕೊಂಡು ಹರಿದಿವೆ, ಎಲ್ಲದರ ಮೇಲೂ ದಪ್ಪ ಪಾಚಿ. ಯೂ ಮರದ ಎಲೆ, ಬೀಜ ಎರಡೂ ವಿಷ, ಅಮ್ಮ ಅದಕ್ಕೆ ಕೈ ಹಾಕದಂತೆ ನೋಡಿಕೋ.

ಓಡಾಟದ ವಿಚಾರ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಕಿಲಾರ್ನಿಗೆ ರೈಲಿನಲ್ಲಿ ಮೂರೂಕಾಲು ಗಂಟೆ, ಹೆಚ್ಚಿನವುಗಳಲ್ಲಿ ಮ್ಯಾಲೋದಲ್ಲಿ ಬದಲಾಯಿಸಬೇಕು. ಊರಿನಿಂದ ಮನೆಗೆ 6 ಕಿ.ಮೀ. ಅಪ್ಪ ಅಮ್ಮನಿಗೆ ಅಲ್ಲಿನ ಜಟಕಾ ಒಳ್ಳೆಯದು, ಓಡಿಸುವವರನ್ನು ಜಾರ್ವಿ ಅನ್ನುತ್ತಾರೆ. ಹತ್ತುವ ಮೊದಲೇ ದರವನ್ನೂ ಎಲ್ಲೆಲ್ಲಿ ನಿಲ್ಲಿಸುತ್ತಾರೆ ಎನ್ನುವುದನ್ನೂ ಮಾತಾಡಿಕೋ. 1448ರ ಮಕ್ರಸ್ ಆ್ಯಬಿ ಎಂಬ ಕ್ರೈಸ್ತ ಮಠದ ಬಳಿ ನಿಲ್ಲಿಸಲು ಹೇಳು, ಅದರ ಒಳಾಂಗಣದ ನಡುವೆ ದೊಡ್ಡ ಯೂ ಮರವೊಂದು ನಿಂತಿದೆ. ಸರೋವರ ಸುತ್ತುವ ದಾರಿ ಸುಮಾರು 10 ಕಿ.ಮೀ. ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ ಗಡಿಯಾರದ ಮುಳ್ಳಿಗೆ ಎದುರಾಗಿಯೇ ಸುತ್ತಬೇಕು, ಅಲ್ಲಿನ ನಿಯಮ ಅದು.

ಸಮಯ ಉಳಿದರೆ ಪಕ್ಕದ ಹಳೆಯ ಕಾಲದ ಹೊಲಮನೆಗಳಿಗೆ ಕರೆದುಕೊಂಡು ಹೋಗು. ಕರೆಂಟು ಬರುವ ಮೊದಲಿನ, 1930ರ ದಶಕದ ರೈತರ ಬದುಕನ್ನು ಹಾಗೇ ಇಟ್ಟಿದ್ದಾರೆ: ಒಲೆ, ಕೋಳಿ, ಕಡೆಗೋಲು. ಅಮ್ಮನಿಗೆ ಅರಮನೆಗಿಂತ ಇದೇ ಹಿಡಿಸಬಹುದು.

ಕೊನೆಗೆ ಉಡುಪು. ಅಟ್ಲಾಂಟಿಕ್ ಮಳೆ ಹೇಳಿ ಕೇಳಿ ಬರುವುದಿಲ್ಲ, ಕೊಡೆಗಿಂತ ಮಳೆಕೋಟು ಮೇಲು. ಗಾಳಿ ನಿಂತ ಸಂಜೆ ನೀರಿನ ಹತ್ತಿರ ಮಿಜ್ ಎಂಬ ಸಣ್ಣ ನೊಣ ಕಚ್ಚುತ್ತದೆ. ಜಿಂಕೆ ಇರುವಲ್ಲಿ ರಕ್ತ ಹೀರುವ ಉಣ್ಣಿ ಇದ್ದೇ ಇರುತ್ತದೆ, ಅದರಿಂದ ಲೈಮ್ ಎಂಬ ಸೋಂಕಿನ ಕಾಯಿಲೆ ಬರಬಹುದು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ, ರಾತ್ರಿ ಮಂಡಿಯ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಕಂಡರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆ. ಎಣ್ಣೆ ಸುರಿಯುವುದು, ಕಡ್ಡಿ ಗೀರಿ ಸುಡುವುದು ಬೇಡ. ಅಪ್ಪ ಹಾಗೇ ಮಾಡಲು ಹೊರಟಾರು, ಮೊದಲೇ ಹೇಳಿಡು.

ನಿನ್ನ ಗೆಳೆಯ