ಗದ್ದೆಗೆ ಮಣ್ಣು ತುಂಬಬೇಡಿ

ಮಾನ್ಯ ಸಂಪಾದಕರೇ,

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರದ ಹಳ್ಳಿಯವನು, ನಿವೃತ್ತ ಪೋಸ್ಟ್‌ಮ್ಯಾನ್. ಅದಕ್ಕೇ ಇರಬೇಕು, ಅಮೆರಿಕದ ಪಿಟ್‌ಹೋಲ್ ಎಂಬ ಎಣ್ಣೆ ಊರಿನ ಬಗ್ಗೆ ಓದಿದಾಗ ಅಲ್ಲಿನ ಪೋಸ್ಟಾಫೀಸಿನ ಕಥೆಯೇ ಮನಸ್ಸಲ್ಲಿ ಉಳಿಯಿತು.

ಪೆನ್ಸಿಲ್ವೇನಿಯಾದ ಆ ಹಳ್ಳಿಗಾಡಿನಲ್ಲಿ 1865ರ ಜನವರಿಯಲ್ಲಿ ನೆಲದಿಂದ ಕಚ್ಚಾ ಎಣ್ಣೆ ಚಿಮ್ಮಿತು. ವರ್ಷ ತುಂಬುವುದರೊಳಗೆ ಸುಮಾರು 20 ಸಾವಿರ ಜನ, 50ಕ್ಕೂ ಹೆಚ್ಚು ಹೋಟೆಲು. ಕಾಗದಪತ್ರಗಳ ಭರಾಟೆಯಲ್ಲಿ ಅಲ್ಲಿನ ಪೋಸ್ಟಾಫೀಸು ಇಡೀ ರಾಜ್ಯದಲ್ಲೇ ಮೂರನೇ ಸ್ಥಾನಕ್ಕೇರಿತು. ಆಮೇಲೆ ಎಣ್ಣೆ ಬಾವಿಗಳು ಬತ್ತಿದವು. ಅವಸರದಲ್ಲಿ ಕಟ್ಟಿದ ಮರದ ಕಟ್ಟಡಗಳಿಗೆ ಮತ್ತೆ ಮತ್ತೆ ಬೆಂಕಿ ಬಿತ್ತು. 1870ರ ಜನಗಣತಿ ಹೊತ್ತಿಗೆ ಉಳಿದವರು 281 ಮಂದಿ. ಅಷ್ಟು ಜನರ ಕಾಗದ ಹಂಚಲು ನನಗೆ ಒಂದು ಬೆಳಗ್ಗೆ ಸಾಕು. ಈಗ ಊರಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ.

ನಮ್ಮಲ್ಲೂ ಒಂದು ಬೆಳೆ ಕಣ್ಣೆದುರೇ ಹೋಯಿತು. ನಾನು ಚಿಕ್ಕವನಿದ್ದಾಗ ಸೀಸನ್‌ನಲ್ಲಿ ಬಸ್ಸಿನ ಟಾಪಿನ ಮೇಲೆಲ್ಲ ಕಿತ್ತಳೆ ಬುಟ್ಟಿಗಳೇ. ರೋಗ ಬಂದು ಗಿಡಗಳು ಒಣಗಿದವು. ಆದರೂ ನಾವು ಊರು ಬಿಡಲಿಲ್ಲ. ಕಾಫಿ ಇತ್ತು, ಕರಿಮೆಣಸು ಇತ್ತು, ಮನೆಯ ಕೆಳಗೆ ಗದ್ದೆ ಇತ್ತು.

ಈಗ ಆ ಗದ್ದೆಯೇ ಹೋಗುತ್ತಿದೆ. ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ಗದ್ದೆಗೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ಪ್ರವಾಸಿಗರ ರೂಮುಗಳಿಗೆ ಪಾಯ ಹಾಕಿದರು. ಏಡಿ ಹಿಡಿಯುತ್ತಿದ್ದ ತೋಡು ಮುಚ್ಚಿಹೋಯಿತು. ಏಪ್ರಿಲ್‌ನಲ್ಲಿ ನಮ್ಮ ಬಾವಿಯ ಹಗ್ಗಕ್ಕೆ ಎರಡು ಮಾರು ಜಾಸ್ತಿ ಹಗ್ಗ ಕಟ್ಟಬೇಕಾಯಿತು. ಮಳೆಗಾಲದಲ್ಲಿ ನೀರು ನಿಂತು ಇಂಗುತ್ತಿದ್ದದ್ದು ಆ ಗದ್ದೆಯಲ್ಲೇ ಅಲ್ವಾ?

ಪ್ರವಾಸಿಗರು ಎಣ್ಣೆಯ ಹಾಗೆ ಮುಗಿಯುವುದಿಲ್ಲ ಎನ್ನುವವರಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಯಾರು ಬಂದರು? 2020ರ ಲಾಕ್‌ಡೌನಿನಲ್ಲಿ ಹೋಂಸ್ಟೇಗಳಿಗೆ ಬೀಗ ಬಿದ್ದಾಗ ನಾವು ಉಂಡದ್ದು ಮನೆಯ ಪತ್ತಾಯದ ಅಕ್ಕಿ.

ಗದ್ದೆ ಮಾರಿದವರನ್ನು ನಾನು ಬೈಯುವುದಿಲ್ಲ. ಕೂಲಿಗೆ ಜನ ಸಿಗುವುದಿಲ್ಲ, ತೆನೆ ಬಂದ ರಾತ್ರಿಯೇ ಆನೆ ಇಳಿಯುತ್ತದೆ. ಸುಮ್ನೆ ಗದ್ದೆ ಉಳಿಸಿ ಎಂದರೆ ಆಗುವುದಿಲ್ಲ. ಸರ್ಕಾರ ಗದ್ದೆಗಳ ಭೂಪರಿವರ್ತನೆ ನಿಲ್ಲಿಸಲಿ. ನಾಟಿ ಮಾಡುವವರಿಗೆ ಎಕರೆಗೆ ಇಷ್ಟು ಎಂದು ಸಹಾಯಧನವನ್ನು ನಾಟಿಗೆ ಮೊದಲೇ ಕೊಡಲಿ. ಆನೆ ತುಳಿದ ಬೆಳೆಯ ಪರಿಹಾರ ಆ ವರ್ಷವೇ ಕೈಸೇರಲಿ. ನಮ್ಮ ಬಯಲಿನಲ್ಲಿ ಈ ಸಲ ನಾಟಿ ಮಾಡಿದ್ದು ಎರಡೇ ಮನೆಯವರು. ಮುಂದಿನ ಮಳೆಗಾಲದೊಳಗೆ ಅವರಿಗಾದರೂ ಇದು ಸಿಗಬೇಕು.

– ನಿವೃತ್ತ ಪೋಸ್ಟ್‌ಮ್ಯಾನ್, ಸುಂಟಿಕೊಪ್ಪ, ಕೊಡಗು